ದತ್ತಿಯ ಹಣವನ್ನರಸಿ ಹೋದ ಕವಿ: ಮಿಕಾಯೆಲ್ ನಲ್ಬಂದ್ಯಾನ್

ವಿದ್ಯಾಸಂಸ್ಥೆಯೊಂದರ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಅಡಿಗಲ್ಲನ್ನಿಟ್ಟ ದಿನದಿಂದ ಆರಂಭಿಸಿ, ಕಟ್ಟಡಗಳ ವಿಸ್ತಾರವನ್ನೂ ವಿದ್ಯಾರ್ಥಿಗಳ ಸಂಖ್ಯೆಯನ್ನೂ ವಿವರಿಸಿ, ಕೊನೆಯಲ್ಲಿ ದಾನಿಗಳ ನಾಮಾವಳಿಯನ್ನು ಕೊಟ್ಟು ಮುಗಿಸುವುದು ವಾಡಿಕೆ. ಅಮೃತಶಿಲೆಯ ಮೇಲೆ ಕೆತ್ತಿದ ಆ ಹೆಸರುಗಳ ಹಿಂದೆ ಹಣಕ್ಕೂ ಒಂದು ಚರಿತ್ರೆಯಿರುತ್ತದೆ. ಅದು ಯಾರ ಕೈಯಿಂದ ಹೊರಟಿತು, ಯಾರ ಯಾರ ಕೈಗಳನ್ನು ದಾಟಿತು, ಸೇರಬೇಕಾದ ಸ್ಥಳವನ್ನು ಸೇರಿತೋ ಇಲ್ಲವೋ ಎಂಬುದನ್ನು ಬರೆದಿಡುವವರು ವಿರಳ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಇಂತಹದೊಂದು ದತ್ತಿಯ ಹಣ ನಮ್ಮ ದೇಶದ ಕಲ್ಕತ್ತೆಯಲ್ಲಿತ್ತು. ಅದು ಸೇರಬೇಕಾಗಿದ್ದ ಊರು ರಷ್ಯಾದ ದಕ್ಷಿಣ ಭಾಗದಲ್ಲಿ, ಡಾನ್ ನದಿಯ ದಡದಲ್ಲಿತ್ತು. ಅದನ್ನು ತರಲೆಂದು ಊರವರು ಆರಿಸಿ ಕಳುಹಿಸಿದ ತರುಣನು ಹಣವನ್ನೇನೋ ದೊರಕಿಸಿಕೊಟ್ಟನು; ಆದರೆ ಆ ಪ್ರಯಾಣದಿಂದ ಮರಳಿದ ಕೆಲವೇ ದಿನಗಳಲ್ಲಿ ಸೆರೆಮನೆಯನ್ನು ಸೇರಿ, ಮೂರು ವರ್ಷಗಳ ತರುವಾಯ ಗಡೀಪಾರಾಗಿ, ತನ್ನ ಮೂವತ್ತಾರನೆಯ ವಯಸ್ಸಿನಲ್ಲಿ ಪರಸ್ಥಳದಲ್ಲಿ ಕಣ್ಮುಚ್ಚಿದನು. ಆತನೇ ಆರ್ಮೇನಿಯನ್ ಭಾಷೆಯ ಕವಿ, ಕಾದಂಬರಿಕಾರ, ವಿಮರ್ಶಕ ಹಾಗೂ ರಾಜಕೀಯ ಚಿಂತಕ ಮಿಕಾಯೆಲ್ ನಲ್ಬಂದ್ಯಾನ್. ಇಂದು ಆರ್ಮೇನಿಯ ಗಣರಾಜ್ಯದ ರಾಷ್ಟ್ರಗೀತೆಯಾಗಿರುವುದು ಆತನ ಕವಿತೆಯೊಂದರಿಂದ ರೂಪುಗೊಂಡ ಪದ್ಯವೇ.

ಆತನ ಜೀವನವನ್ನು ಬರೆದವರಲ್ಲಿ ಅನೇಕರು ಆತನನ್ನು ಕ್ರಾಂತಿಕಾರನೆಂದೇ ಚಿತ್ರಿಸಿದ್ದಾರೆ. ಅದು ಸುಳ್ಳಲ್ಲ. ಆದರೆ ಆತನ ಕ್ರಾಂತಿಯ ಬೇರುಗಳನ್ನು ಹುಡುಕುತ್ತ ಹೋದರೆ ನಾವು ತಲುಪುವುದು ಬಂದೂಕುಗಳ ಬಳಿಗಲ್ಲ, ಎರಡು ಸರಳವಾದ ಪ್ರಶ್ನೆಗಳ ಬಳಿಗೆ: ಮಕ್ಕಳಿಗೆ ಯಾವ ಭಾಷೆಯಲ್ಲಿ ಪಾಠ ಹೇಳಬೇಕು? ಸಮಾಜದ ಹಣಕ್ಕೆ ಲೆಕ್ಕವನ್ನು ಯಾರು, ಯಾರಿಗೆ ಒಪ್ಪಿಸಬೇಕು? ಶಾಲೆಯನ್ನು ನಡೆಸುವವರಿಗೂ ಅದಕ್ಕೆ ನೆರವು ನೀಡುವವರಿಗೂ ಚಿರಪರಿಚಿತವಾದ ಈ ಪ್ರಶ್ನೆಗಳು ಒಬ್ಬ ಉಪಾಧ್ಯಾಯನನ್ನು ಸಾಮ್ರಾಟನ ದುರ್ಗದ ಕತ್ತಲೆಕೋಣೆಯವರೆಗೆ ಹೇಗೆ ಕೊಂಡೊಯ್ದವು ಎಂಬುದೇ ಈ ಲೇಖನದ ವಿಷಯ.

ಮೊದಲು ಆರ್ಮೇನಿಯನ್ ಜನಾಂಗದ ಬಗೆಗೆ ಕೆಲವು ಮಾತು ಅವಶ್ಯ. ಅರಾರಾತ್ ಪರ್ವತದ ಸುತ್ತಲ ಎತ್ತರದ ಪ್ರಸ್ಥಭೂಮಿ ಇವರ ಮೂಲನೆಲೆ. ಕ್ರಿಸ್ತಶಕ 405ರ ಸುಮಾರಿನಲ್ಲಿ ಮೆಸ್ರೋಪ್ ಮಷ್ತೋತ್ಸ್ ಎಂಬ ಸಂನ್ಯಾಸಿಯು ತನ್ನ ಜನರ ನುಡಿಗೆ ಪ್ರತ್ಯೇಕ ಲಿಪಿಯನ್ನು ರಚಿಸಿದಂದಿನಿಂದ ಅವರಿಗೆ ಅವಿಚ್ಛಿನ್ನವಾದ ಸಾಹಿತ್ಯ ಪರಂಪರೆಯಿದೆ. ರಾಜ್ಯವು ಮಾತ್ರ ಅಷ್ಟು ದೀರ್ಘಾಯುವಾಗಲಿಲ್ಲ. ಶತಮಾನಗಳ ಕಾಲ ಆ ನಾಡು ತುರ್ಕಿ ಮತ್ತು ಪಾರಸಿಕ ಸಾಮ್ರಾಜ್ಯಗಳ ನಡುವೆ ಹಂಚಿಹೋಗಿತ್ತು. 1828ರ ತುರ್ಕ್‌ಮೆನ್‌ಚಾಯ್ ಒಪ್ಪಂದದಿಂದ ಪಾರಸಿಕರ ವಶದಲ್ಲಿದ್ದ ಪೂರ್ವಭಾಗ ರಷ್ಯಾದ ಚಕ್ರವರ್ತಿಗೆ ಸೇರಿತು. ನೆಲ ಕಳೆದುಕೊಂಡವರು ನೆಲೆಯನ್ನರಸಿ ಚದುರಿದರು. 17ನೆಯ ಶತಮಾನದ ಆದಿಯಲ್ಲಿ ಪರ್ಷಿಯಾದ ಷಾ ಅಬ್ಬಾಸನು ಇಸ್ಫಹಾನಿನ ಬಳಿ ನೆಲೆಗೊಳಿಸಿದ ಆರ್ಮೇನಿಯನ್ ವರ್ತಕರು ರೇಷ್ಮೆಯ ವ್ಯಾಪಾರದಲ್ಲಿ ಪ್ರಸಿದ್ಧರಾಗಿ, ಸೂರತ್, ಆಗ್ರಾ, ಮದರಾಸು, ಕಲ್ಕತ್ತೆಗಳವರೆಗೆ ಹಬ್ಬಿದರು. ಕಲ್ಕತ್ತೆಯಲ್ಲಿ 1724ರಲ್ಲಿ ಅವರು ಕಟ್ಟಿದ ನಜರೆತ್ ಚರ್ಚು ಇಂದಿಗೂ ನಿಂತಿದೆ. 1821ರಲ್ಲಿ ಸ್ಥಾಪಿಸಿದ ಆರ್ಮೇನಿಯನ್ ವಿದ್ಯಾಶಾಲೆಯೂ ನಡೆಯುತ್ತಿದೆ.

ನಮ್ಮ ನೆರೆಯ ಮದರಾಸಿನ ಸಂಗತಿಯಂತೂ ಇನ್ನೂ ಸ್ವಾರಸ್ಯಕರವಾದುದು. ಅಲ್ಲಿ ನೆಲಸಿದ್ದ ಶಹಾಮಿರ್ ಶಹಾಮಿರ್ಯಾನ್ ಎಂಬ ಧನಿಕ ವರ್ತಕನು 1772ರಲ್ಲಿ ಮುದ್ರಣಾಲಯವೊಂದನ್ನು ತೆರೆದನು. ಇನ್ನೂ ಹುಟ್ಟದೆ ಇದ್ದ ಸ್ವತಂತ್ರ ಆರ್ಮೇನಿಯಕ್ಕೆ ಸಂವಿಧಾನದ ಕರಡೊಂದು ಅಲ್ಲಿಯೇ ಅಚ್ಚಾಯಿತು. ಅರಸನಿಲ್ಲದ, ಜನರು ಆರಿಸಿದ ಪ್ರತಿನಿಧಿಗಳ ಸಭೆಯೇ ಆಳುವ ರಾಜ್ಯವನ್ನು ಅದು ಕಲ್ಪಿಸಿಕೊಂಡಿತ್ತು. ಅದರ ಮುಖಪುಟದಲ್ಲಿ ಕಾಣುವ ವರ್ಷ 1773. ಫ್ರಾನ್ಸಿನ ಮಹಾಕ್ರಾಂತಿಗೆ ಇನ್ನೂ ಹದಿನಾರು ವರ್ಷಗಳಿದ್ದವು. ಆರ್ಮೇನಿಯನ್ ಭಾಷೆಯ ಮೊಟ್ಟಮೊದಲ ನಿಯತಕಾಲಿಕವಾದ ‘ಅಜ್ದರಾರ್’ 1794ರಲ್ಲಿ ಹೊರಬಂದದ್ದೂ ಮದರಾಸಿನಿಂದಲೇ. ಅದರ ಸಂಪಾದಕ ಹರುತ್ಯುನ್ ಶ್ಮಾವೊನ್ಯಾನ್ ಒಬ್ಬ ಪಾದ್ರಿ. ಇಂದಿನ ಚೆನ್ನೈನಲ್ಲಿ ‘ಅರ್ಮೇನಿಯನ್ ಸ್ಟ್ರೀಟ್’ ಎಂಬ ಬೀದಿಯಲ್ಲಿ ನಡೆದುಹೋಗುವವರಲ್ಲಿ ಎಷ್ಟು ಮಂದಿಗೆ ಈ ವೃತ್ತಾಂತ ತಿಳಿದಿದೆಯೋ! ಅಂತೂ, ದೂರದ ರಷ್ಯಾದ ಊರೊಂದರ ಸಾರ್ವಜನಿಕ ಹಿತಕ್ಕಾಗಿ ಕಲ್ಕತ್ತೆಯ ವರ್ತಕನೊಬ್ಬನು ಮರಣಶಾಸನದ ಮೂಲಕ ಹಣವನ್ನು ಬಿಟ್ಟುಹೋದನೆಂಬುದು ಈ ಹಿನ್ನೆಲೆಯಲ್ಲಿ ಆಶ್ಚರ್ಯಕರವಲ್ಲ.

ಆ ಊರೇ ನೋರ್ ನಖಿಚೆವಾನ್. ‘ನೋರ್’ ಎಂದರೆ ಹೊಸತು. ಕ್ರಿಮಿಯಾ ಪ್ರಾಂತದಿಂದ ಸಾಮ್ರಾಜ್ಞಿ ಎರಡನೆಯ ಕ್ಯಾಥರೀನಳು ಹೊರಡಿಸಿದ ಆರ್ಮೇನಿಯನ್ನರು 1779ರಲ್ಲಿ ಡಾನ್ ನದಿಯ ತೀರದಲ್ಲಿ ಕಟ್ಟಿಕೊಂಡ ಪಟ್ಟಣವದು. ಇಂದು ಅದು ರೊಸ್ತೋವ್ ನಗರದೊಳಗೆ ಲೀನವಾಗಿದೆ. ಅಲ್ಲಿ 1829ರ ನವೆಂಬರಿನಲ್ಲಿ, ಕುಶಲಕರ್ಮಿಯೊಬ್ಬನ ಮನೆಯಲ್ಲಿ, ಮಿಕಾಯೆಲನ ಜನನವಾಯಿತು. ‘ನಲ್ಬಂದ್’ ಎಂಬುದು ಪಾರಸಿ ಪದ. ಕುದುರೆಗೆ ಲಾಳ ಕಟ್ಟುವವನು ಎಂದು ಅರ್ಥ. ನಮ್ಮ ಉತ್ತರ ಕರ್ನಾಟಕದ ಊರುಗಳಲ್ಲಿ ನಾಲಬಂದ ಎಂಬ ಅಡ್ಡಹೆಸರಿನ ಮನೆತನಗಳನ್ನು ಬಲ್ಲವರಿಗೆ ಈ ಹೆಸರು ಪರಕೀಯವೆನಿಸಲಾರದು. ಬಾಲಕನ ಭಾಗ್ಯವೆಂಬಂತೆ ಆ ಪಟ್ಟಣದಲ್ಲಿ ಗೇಬ್ರಿಯೆಲ್ ಪತ್ಕಾನ್ಯಾನ್ ಎಂಬ ಪಾದ್ರಿಯು ಶಾಲೆಯೊಂದನ್ನು ನಡೆಸುತ್ತಿದ್ದನು. ವೃತ್ತಿಯಿಂದ ಧರ್ಮಗುರುವಾಗಿದ್ದರೂ ಆತನು ಹೊಸ ವಿಚಾರಗಳಿಗೆ ಕಿಟಕಿಯನ್ನು ತೆರೆದಿಟ್ಟವನು. ಜನರಾಡುವ ಮಾತಿನಲ್ಲಿ ಪತ್ರಿಕೆಯನ್ನು ಹೊರಡಿಸಿದ ಮೊದಲಿಗರಲ್ಲಿ ಒಬ್ಬನು. ಆತನ ಮಗ ರಫಾಯೆಲ್ ಮುಂದೆ ಹೆಸರಾಂತ ಕವಿಯಾದನು. ಶಿಷ್ಯನಿಗೆ ಅಕ್ಷರದ ಜೊತೆಗೆ ಧೈರ್ಯವನ್ನೂ ಕಲಿಸಿದವನು ಈ ಗುರುವೇ.

ಶಾಲೆಯನ್ನು ಮುಗಿಸಿದ ಮಿಕಾಯೆಲನು ಕಿಷಿನೆವ್ ನಗರದಲ್ಲಿ ಆರ್ಮೇನಿಯನ್ ಧರ್ಮಪ್ರಾಂತದ ಕಚೇರಿಯಲ್ಲಿ ಕಾರ್ಯದರ್ಶಿಯಾಗಿ ಕೆಲಸಕ್ಕೆ ಸೇರಿದನು. ಧರ್ಮಾಡಳಿತದ ಒಳಗನ್ನು ಹತ್ತಿರದಿಂದ ಕಾಣುವ ಅವಕಾಶ ದೊರೆತದ್ದು ಅಲ್ಲಿಯೇ. ಕಂಡದ್ದನ್ನು ಬಾಯಿಬಿಟ್ಟು ಹೇಳುವ ಸ್ವಭಾವವೂ ಜೊತೆಗಿತ್ತು. ಪರಿಣಾಮವಾಗಿ ಸರ್ವೋಚ್ಚ ಧರ್ಮಾಧಿಕಾರಿಯ ಅವಕೃಪೆಗೆ ಪಾತ್ರನಾಗಿ 1853ರಲ್ಲಿ ಮಾಸ್ಕೋಗೆ ಹೊರಟುಹೋದನು. ಅದೇ ವರ್ಷ ಪೀಟರ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಆರ್ಮೇನಿಯನ್ ಭಾಷಾಶಿಕ್ಷಕನ ಪರೀಕ್ಷೆಯಲ್ಲಿ ಉತ್ತೀರ್ಣನಾಗಿ, ಲಜಾರ್ಯಾನ್ ಎಂಬ ಶ್ರೀಮಂತ ಮನೆತನವು ಮಾಸ್ಕೋದಲ್ಲಿ 1815ರಲ್ಲಿ ಸ್ಥಾಪಿಸಿದ್ದ ವಿದ್ಯಾಸಂಸ್ಥೆಯಲ್ಲಿ ಉಪಾಧ್ಯಾಯನಾದನು. ಅಲ್ಲಿಯೂ ಬಹುಕಾಲ ನಿಲ್ಲಲಾಗಲಿಲ್ಲ. 1854ರಿಂದ ನಾಲ್ಕು ವರ್ಷ ಮಾಸ್ಕೋ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಸಿಸಿದನು. ಆ ವಿದ್ಯೆಯು ಆತನನ್ನು ವೈದ್ಯನನ್ನಾಗಿ ಮಾಡಲಿಲ್ಲ. ಆದರೆ ರೋಗದ ಮೂಲವನ್ನು ಹುಡುಕದೆ ಲೇಪ ಹಚ್ಚುವವರ ಮೇಲೆ ಆತನಿಗಿದ್ದ ಅಸಹನೆಯನ್ನು ಮುಂದಿನ ಬರಹಗಳಲ್ಲಿ ಕಾಣುವಾಗ ಆ ನಾಲ್ಕು ವರ್ಷಗಳು ವ್ಯರ್ಥವಾಗಲಿಲ್ಲವೆನಿಸುತ್ತದೆ.

ಇನ್ನು ಭಾಷೆಯ ಪ್ರಶ್ನೆ. ಐದನೆಯ ಶತಮಾನದಿಂದ ಬಂದ ಗ್ರಂಥಭಾಷೆಗೆ ಆರ್ಮೇನಿಯನ್ನರು ‘ಗ್ರಬಾರ್’ ಎನ್ನುತ್ತಾರೆ. ಜನರು ಮನೆಯಲ್ಲಿ, ಸಂತೆಯಲ್ಲಿ ಆಡುವ ನುಡಿಗೆ ‘ಅಷ್ಖರ್ಹಬಾರ್’ ಎಂದು ಹೆಸರು. ಅಷ್ಟು ಶತಮಾನಗಳಲ್ಲಿ ಇವೆರಡರ ನಡುವೆ ಬೆಳೆದ ಅಂತರ ಅಪಾರ. ಹಳಗನ್ನಡದ ಕಾವ್ಯವೊಂದನ್ನು ಪ್ರಾಥಮಿಕ ಶಾಲೆಯ ಮಗುವಿನ ಕೈಗಿತ್ತು ಗಣಿತವನ್ನೂ ಭೂಗೋಳವನ್ನೂ ಅದರ ಶೈಲಿಯಲ್ಲೇ ಕಲಿಯೆಂದರೆ ಹೇಗಾದೀತು? ಅಂದಿನ ಆರ್ಮೇನಿಯನ್ ಮಗುವಿನ ಪಾಡು ಅದೇ ಆಗಿತ್ತು. ಗ್ರಬಾರ್ ಬಲ್ಲವರು ಧರ್ಮಗುರುಗಳು ಮತ್ತು ವಿದ್ವಾಂಸರು ಮಾತ್ರ. ಆದ್ದರಿಂದ ವಿದ್ಯೆಯೂ ಅವರ ಸೊತ್ತಾಗಿ ಉಳಿದಿತ್ತು. ಆಡುನುಡಿಯಲ್ಲಿ ಖಚತೂರ್ ಅಬೊವ್ಯಾನ್ ಎಂಬ ಶಾಲಾಶಿಕ್ಷಕನು ಬರೆದ ಮೊದಲ ಕಾದಂಬರಿಯು ಆತನು 1848ರಲ್ಲಿ ಮನೆಯಿಂದ ಹೊರಟು ಕಣ್ಮರೆಯಾಗಿ ಹತ್ತು ವರ್ಷಗಳಾದ ಮೇಲೆ, 1858ರಲ್ಲಿ, ಅಚ್ಚಿನಲ್ಲಿ ಬೆಳಕು ಕಂಡಿತು.

ಅದೇ 1858ರಲ್ಲಿ ಮಾಸ್ಕೋದಲ್ಲಿ ಸ್ತೆಪಾನೋಸ್ ನಜಾರ್ಯಾನ್ ಎಂಬ ಪ್ರಾಧ್ಯಾಪಕನು ‘ಹ್ಯೂಸಿಸಪಾಯ್ಲ್’ ಎಂಬ ಮಾಸಪತ್ರಿಕೆಯನ್ನು ಆರಂಭಿಸಿದನು. ಉತ್ತರಧ್ರುವದ ಆಕಾಶದಲ್ಲಿ ಮೂಡುವ ಪ್ರಭೆಗೆ ಆ ಹೆಸರು. ಪತ್ರಿಕೆಯು ಸಂಪೂರ್ಣವಾಗಿ ಆಡುನುಡಿಯಲ್ಲಿತ್ತು. ನಜಾರ್ಯಾನನು ಸೌಮ್ಯಸ್ವಭಾವದ ಪಂಡಿತ. ಪತ್ರಿಕೆಯ ಬೆಂಕಿಯೆಂದರೆ ಆತನ ಕಿರಿಯ ಸಹಕಾರಿ ನಲ್ಬಂದ್ಯಾನ್. ‘ಕೋಮ್ಸ್ ಎಮ್ಮಾನುಯೆಲ್’ ಎಂಬ ಕಲ್ಪಿತನಾಮದಲ್ಲಿ ಆತನು ಬರೆದ ದಿನಚರಿಯ ಮಾದರಿಯ ಲೇಖನಮಾಲೆಯು ಆರ್ಮೇನಿಯನ್ ಗದ್ಯದಲ್ಲಿ ಹೊಸ ದಾರಿಯನ್ನೇ ತೆರೆಯಿತೆಂದರೆ ಅತ್ಯುಕ್ತಿಯಾಗಲಾರದು. ಅದರಲ್ಲಿ ಹಾಸ್ಯವಿತ್ತು, ಕಟಕಿಯಿತ್ತು, ಪ್ರವಾಸದ ವರ್ಣನೆಯಿತ್ತು, ಸತ್ತವರ ಆತ್ಮಗಳನ್ನು ಕರೆಸುವ ವಂಚಕರ ಬಣ್ಣ ಬಯಲು ಮಾಡುವ ಕಥೆಯಿತ್ತು. ಭಾಷೆಯ ವಿಷಯದಲ್ಲಿ ಆತನ ನಿಲುವು ನಿಚ್ಚಳವಾಗಿತ್ತು. ಗ್ರಬಾರಿನ ಪ್ರಾಚೀನ ಗ್ರಂಥಗಳನ್ನು ಗೌರವದಿಂದ ಕಾಪಾಡೋಣ, ಅವುಗಳಿಂದ ಪದಸಂಪತ್ತನ್ನು ಪಡೆಯೋಣ. ಆದರೆ ಬದುಕಿರುವವರ ಭಾಷೆಯಲ್ಲದೆ ಬದುಕಿರುವವರಿಗೆ ವಿದ್ಯೆ ತಲುಪಲಾರದು ಎಂಬುದು ಆತನ ವಾದದ ತಿರುಳು.

ಇಂತಹ ಮಾತಿಗೆ ವಿರೋಧವೇಕೆ ಎಂದು ಇಂದಿನ ಉಪಾಧ್ಯಾಯರಿಗೆ ಅನ್ನಿಸಬಹುದು. ಭಾಷೆ ಬದಲಾದರೆ ಬೋಧಿಸುವವರು ಬದಲಾಗುತ್ತಾರೆ. ಬೋಧಿಸುವವರು ಬದಲಾದರೆ ಸಮಾಜದ ಮುಂದಾಳುಗಳೂ ಬದಲಾಗಬೇಕಾಗುತ್ತದೆ. ಇದನ್ನು ವಿರೋಧಿಗಳು ನಲ್ಬಂದ್ಯಾನನಿಗಿಂತ ಚೆನ್ನಾಗಿ ಅರಿತಿದ್ದರು. ಕ್ರಿಮಿಯಾದ ಥಿಯೊಡೋಸಿಯದಲ್ಲಿದ್ದ ಧರ್ಮಾಧಿಕಾರಿ ಗೇಬ್ರಿಯೆಲ್ ಐವಜೋವ್ಸ್ಕಿ ಅವರಲ್ಲಿ ಪ್ರಮುಖನು. ಸಮುದ್ರಚಿತ್ರಗಳಿಂದ ಜಗತ್ಪ್ರಸಿದ್ಧನಾದ ಕಲಾವಿದ ಇವಾನ್ ಐವಜೋವ್ಸ್ಕಿಯ ಸೋದರನಾದ ಈತನು ದೊಡ್ಡ ವಿದ್ವಾಂಸನೇ ಹೌದು. ‘ಮಾಸಿಸಿನ ಪಾರಿವಾಳ’ ಎಂಬ ಅರ್ಥದ ಹೆಸರುಳ್ಳ ತನ್ನ ಪತ್ರಿಕೆಯಲ್ಲಿ ಆತನು ಮಾಸ್ಕೋದ ತರುಣರನ್ನು ಖಂಡಿಸುತ್ತಿದ್ದನು.

ಹಣದ ಪ್ರಶ್ನೆ ಎದ್ದದ್ದೂ ಈ ವಲಯದಲ್ಲಿಯೇ. ನೋರ್ ನಖಿಚೆವಾನಿನ ಪೌರಾಡಳಿತವು ಬಹಳ ಕಾಲ ಹರುತ್ಯುನ್ ಖಾಲಿಬ್ಯಾನ್ ಎಂಬ ಧನಿಕ ವರ್ತಕನ ಹಿಡಿತದಲ್ಲಿತ್ತು. ಐವಜೋವ್ಸ್ಕಿಯು 1858ರಲ್ಲಿ ಥಿಯೊಡೋಸಿಯದಲ್ಲಿ ತೆರೆದ ವಿದ್ಯಾಲಯಕ್ಕೆ ಆಶ್ರಯದಾತನಾಗಿ, ಆ ವಿದ್ಯಾಲಯಕ್ಕೆ ತನ್ನ ಹೆಸರನ್ನೇ ಪಡೆದವನೂ ಆತನೇ. ಆದರೆ ಊರಿನ ಬಹುಮಂದಿಯ ಆಕ್ಷೇಪವೇನೆಂದರೆ, ಖಾಲಿಬ್ಯಾನನ ಕೈಯಲ್ಲಿದ್ದುದು ಸಮುದಾಯದ ಹಣ. ಅದರ ಜಮಾಖರ್ಚನ್ನು ಆತನು ಸಮುದಾಯಕ್ಕೆ ಒಪ್ಪಿಸಬೇಕು. ನಲ್ಬಂದ್ಯಾನನು ಈ ಪಕ್ಷವನ್ನು ವಹಿಸಿದನು. ವಿದ್ಯಾಲಯವಾಗುವುದು ಒಳ್ಳೆಯದಲ್ಲವೇ, ಲೆಕ್ಕ ಕೇಳಿ ಸತ್ಕಾರ್ಯಕ್ಕೆ ಅಡ್ಡಿಯೇಕೆ ಎಂದು ಕೇಳಿದವರು ಅಂದೂ ಇದ್ದರು, ಎಂದೂ ಇರುತ್ತಾರೆ. ಹತ್ತು ಜನರ ಗಂಟಿನಿಂದ ಕಟ್ಟಿದ ಕಟ್ಟಡಕ್ಕೆ ಒಬ್ಬನ ಹೆಸರೇಕೆ ಎಂಬ ಪ್ರಶ್ನೆಯನ್ನು ಬಹಿರಂಗವಾಗಿ ಕೇಳುವುದು ಯಾವ ಕಾಲದಲ್ಲಿಯೂ ಸುಲಭವಲ್ಲ; ಕೇಳಿದವನಿಗೆ ಜನ್ಮವೈರಿಗಳು ದೊರೆಯುವುದು ಮಾತ್ರ ಖಚಿತ.

ಇಂತಹ ಸನ್ನಿವೇಶದಲ್ಲಿ, 1860ರಲ್ಲಿ, ನೋರ್ ನಖಿಚೆವಾನಿನ ಸಮುದಾಯವು ಕಲ್ಕತ್ತೆಯ ದತ್ತಿಯನ್ನು ಬಿಡಿಸಿ ತರುವ ಹೊಣೆಯನ್ನು ನಲ್ಬಂದ್ಯಾನನಿಗೆ ವಹಿಸಿತು. ಲೆಕ್ಕವನ್ನು ಕೇಳಿದವನಿಗೇ ಹಣವನ್ನು ನಂಬಿ ಒಪ್ಪಿಸಿದರೆಂಬುದು ಗಮನಾರ್ಹ. ಆತನು ತ್ಬಿಲಿಸಿ, ಕಾನ್‌ಸ್ಟಾಂಟಿನೋಪಲ್‌ಗಳ ಮಾರ್ಗವಾಗಿ ಯೂರೋಪನ್ನು ಪ್ರವೇಶಿಸಿದನು. ಕಾನ್‌ಸ್ಟಾಂಟಿನೋಪಲ್ಲಿನಲ್ಲಿ ‘ಮೇಘು’ ಎಂಬ ಪತ್ರಿಕೆಯ ಸಂಪಾದಕ ಹರುತ್ಯುನ್ ಸ್ವಾಜ್ಯಾನ್ ಮುಂತಾದ ಆರ್ಮೇನಿಯನ್ ತರುಣರ ಸ್ನೇಹವಾಯಿತು. ಆಗ ಇಟಲಿಯು ಒಂದು ರಾಷ್ಟ್ರವಾಗಿ ಮೂಡುತ್ತಿದ್ದ ಕಾಲ. 1860ರಲ್ಲಿ ಗ್ಯಾರಿಬಾಲ್ಡಿಯು ಸಾವಿರ ಸ್ವಯಂಸೇವಕರೊಡನೆ ಸಿಸಿಲಿಯಲ್ಲಿ ಇಳಿದು ದಕ್ಷಿಣವನ್ನೆಲ್ಲ ಬಿಡುಗಡೆ ಮಾಡಿದ್ದನು. 1861ರ ಮಾರ್ಚಿನಲ್ಲಿ ಇಟಲಿಯ ಏಕೀಕೃತ ರಾಜ್ಯದ ಘೋಷಣೆಯಾಯಿತು. ತುಂಡುತುಂಡಾಗಿ ಪರರ ಆಳಿಕೆಗೆ ಸಿಲುಕಿದ್ದ ಪ್ರಾಚೀನ ಜನಾಂಗವೊಂದು ಕಣ್ಣೆದುರಿನಲ್ಲೇ ಎದ್ದು ನಿಂತುದನ್ನು ಕಂಡ ಆರ್ಮೇನಿಯನ್ ಕವಿಯ ಮನಸ್ಸಿನಲ್ಲಿ ಏನೇನು ಹೊಯ್ದಾಡಿರಬಹುದು! ಯುದ್ಧಕ್ಕೆ ಹೊರಟ ಅಣ್ಣನಿಗೆ ಇಟಲಿಯ ತಂಗಿಯೊಬ್ಬಳು ತಾನೇ ಹೊಲಿದ ಧ್ವಜವನ್ನು ನೀಡುವ ಸನ್ನಿವೇಶವನ್ನು ಕುರಿತು ಆತನು ರಚಿಸಿದ ‘ಇಟಲಿಯ ಹುಡುಗಿಯ ಹಾಡು’ ಈ ಕಾಲದ್ದು.

ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಆದ್ದರಿಂದ ಆಗಿನ ಭಾರತಯಾನವು ಸಾಮಾನ್ಯವಾದ ಸಾಹಸವಲ್ಲ. 1861ರಲ್ಲಿ ನಲ್ಬಂದ್ಯಾನನು ಕಲ್ಕತ್ತೆಯನ್ನು ತಲುಪಿದಾಗ ನಮ್ಮ ದೇಶದಲ್ಲಿ 1857ರ ಮಹಾದಂಗೆ ಅಡಗಿ, ಕಂಪನಿಯ ಆಳಿಕೆ ಹೋಗಿ ಇಂಗ್ಲೆಂಡಿನ ರಾಣಿಯ ಆಳಿಕೆ ಬಂದು ಮೂರೇ ವರ್ಷಗಳಾಗಿದ್ದವು. ಅಲ್ಲಿನ ಆರ್ಮೇನಿಯನ್ನರು ಸಂಖ್ಯೆಯಲ್ಲಿ ಅಲ್ಪರು, ಸಂಪತ್ತಿನಲ್ಲಿ ಪ್ರಬಲರು. ಗಂಗೆಯ ದಡದ ಆರ್ಮೇನಿಯನ್ ಘಾಟ್ ಇಂದಿಗೂ ಅವರ ಹೆಸರನ್ನು ಹೇಳುತ್ತದೆ. ಮೆಸ್ರೊವ್ಬ್ ತಘಿಯಾದ್ಯಾನ್ ಎಂಬ ಸಾಹಿತಿಯು 1845ರಿಂದ ಕೆಲವು ವರ್ಷ ಅಲ್ಲಿಂದಲೇ ‘ಅಜ್ಗಸೇರ್’ ಎಂಬ ಪತ್ರಿಕೆಯನ್ನು ಪ್ರಕಟಿಸಿದ್ದನು. ಆದರೆ ದತ್ತಿಯೊಂದು ದಶಕಗಳ ಕಾಲ ದೂರದೇಶದಲ್ಲಿ ಉಳಿದರೆ ಅದಕ್ಕೆ ಕಾಗದಗಳ ಬಳ್ಳಿ ಸುತ್ತಿಕೊಳ್ಳುವುದು ಸಹಜ. ಮರಣಶಾಸನದ ಅರ್ಥವೇನು, ಹಣವನ್ನು ಪಡೆಯಲು ಹಕ್ಕುಳ್ಳವರು ಯಾರು ಎಂಬ ತೊಡಕುಗಳನ್ನೆಲ್ಲ ಬಿಡಿಸಿ, ತಾಳ್ಮೆಯಿಂದ ವ್ಯವಹರಿಸಿ, ಆತನು ವಹಿಸಿಕೊಂಡ ಕಾರ್ಯವನ್ನು ಸಾಧಿಸಿದನು. ಕವಿಗಳಿಗೆ ವ್ಯವಹಾರಜ್ಞಾನವಿರದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಈ ಕವಿಯ ಮಟ್ಟಿಗಂತೂ ಅದು ಹುಸಿಯಾಯಿತು.

ಕಲ್ಕತ್ತೆಯಿಂದ ಮರಳುತ್ತ ಆತನು 1861ರ ಕೊನೆಯ ಹೊತ್ತಿಗೆ ಲಂಡನ್ನಿಗೆ ಬಂದನು. ಅಲ್ಲಿ ದೇಶಭ್ರಷ್ಟ ರಷ್ಯನ್ ಲೇಖಕ ಅಲೆಕ್ಸಾಂಡರ್ ಹೆರ್ಜೆನ್ ಮತ್ತು ಆತನ ಕವಿಮಿತ್ರ ನಿಕೊಲಾಯ್ ಒಗಾರ್ಯೋವ್ ‘ಕೊಲೊಕೊಲ್’, ಅಂದರೆ ‘ಗಂಟೆ’, ಎಂಬ ಪತ್ರಿಕೆಯನ್ನು 1857ರಿಂದ ಮುದ್ರಿಸಿ ಗುಪ್ತವಾಗಿ ರಷ್ಯಾಕ್ಕೆ ಕಳುಹಿಸುತ್ತಿದ್ದರು. ಸೈಬೀರಿಯದ ಗಡೀಪಾರಿನಿಂದ ಜಪಾನ್, ಅಮೆರಿಕಗಳನ್ನು ಸುತ್ತಿ ತಪ್ಪಿಸಿಕೊಂಡು ಬಂದ ಮಿಖಾಯಿಲ್ ಬಕೂನಿನನು ಆ ವರ್ಷದ ಡಿಸೆಂಬರಿನಲ್ಲಿ ಅಲ್ಲಿಗೇ ಬಂದು ಸೇರಿದ್ದನು. ಈ ಮೂವರೊಡನೆಯೂ ನಲ್ಬಂದ್ಯಾನನಿಗೆ ಗಾಢವಾದ ಮೈತ್ರಿ ಬೆಳೆಯಿತು. ರಷ್ಯಾದಲ್ಲಿ 1861ರಲ್ಲಿ ಜೀತಗಾರ ರೈತರಿಗೆ ಬಿಡುಗಡೆಯನ್ನು ಘೋಷಿಸಲಾಗಿತ್ತಷ್ಟೆ. ಆದರೆ ಉಳುವ ನೆಲಕ್ಕೆ ರೈತನು ವರ್ಷಾನುವರ್ಷ ಹಣ ತೆರಬೇಕಾಗಿತ್ತು. ಕಾಗದದ ಮೇಲಿನ ಈ ಬಿಡುಗಡೆಯ ಪೊಳ್ಳುತನವೇ ಆ ಮಿತ್ರರ ಮಾತುಕತೆಯ ಮುಖ್ಯ ವಿಷಯವಾಗಿತ್ತು.

ಇದರ ಫಲವಾಗಿ ಆತನ ಎರಡು ಕಿರುಹೊತ್ತಗೆಗಳು ಪ್ಯಾರಿಸ್ಸಿನಲ್ಲಿ ಅಚ್ಚಾದವು. 1861ರಲ್ಲಿ ಬಂದ ‘ಎರಡು ಸಾಲು’ ವಿರೋಧಿಗಳಿಗಿತ್ತ ಉತ್ತರ; ತನ್ನ ಲೇಖನಿ ಧನಿಕರ ಸೇವೆಗಲ್ಲ, ಶ್ರೀಸಾಮಾನ್ಯನ ಹಕ್ಕುಗಳಿಗೆ ಮೀಸಲೆಂಬ ಪ್ರತಿಜ್ಞೆ ಅದರಲ್ಲಿದೆ. 1862ರಲ್ಲಿ ಸಿಮೆಯೋನ್ ಮಾನಿಕ್ಯಾನ್ ಎಂಬ ಗುಪ್ತನಾಮದಿಂದ ಬಂದ ‘ಕೃಷಿಯೇ ನೇರವಾದ ದಾರಿ’ ಎಂಬುದು ನಮ್ಮ ದೃಷ್ಟಿಯಲ್ಲಿ ಆತನ ಅತ್ಯಂತ ಮಹತ್ವದ ಗ್ರಂಥ. ಅದರ ವಾದವನ್ನು ಸ್ಥೂಲವಾಗಿ ಹೀಗೆ ಹೇಳಬಹುದು. ನಮ್ಮ ಜನಾಂಗದಲ್ಲಿ ಮಹಾವರ್ತಕರಿದ್ದಾರೆಂದು ನಾವು ಹೆಮ್ಮೆಪಡುತ್ತೇವೆ. ಆದರೆ ಒಂದು ದೇಶದ ಸರಕನ್ನು ಕೊಂಡು ಇನ್ನೊಂದು ದೇಶದಲ್ಲಿ ಮಾರುವ ವರ್ತಕನ ಲಾಭದಿಂದ ಆ ವರ್ತಕನ ಮನೆ ತುಂಬೀತೇ ಹೊರತು ಜನಾಂಗದ ಹೊಟ್ಟೆ ತುಂಬದು. ನೆಲದಲ್ಲಿ ದುಡಿಯುವವನಿಗೆ ನೆಲ ದೊರೆಯುವವರೆಗೆ ಬಡತನ ತೊಲಗದು; ಬಡತನ ತೊಲಗುವವರೆಗೆ ಸ್ವಾತಂತ್ರ್ಯ, ವಿದ್ಯೆ, ಸಂಸ್ಕೃತಿ ಎಂಬವೆಲ್ಲ ಬರಿಯ ಮಾತುಗಳು.

ಓದುಗರು ಇಲ್ಲೊಂದು ವಿಸಂಗತಿಯನ್ನು ಗಮನಿಸಿರಬಹುದು. ವರ್ತಕನೊಬ್ಬನು ಬಿಟ್ಟುಹೋದ ಹಣವನ್ನು ತರಲು ವರ್ಷಗಟ್ಟಲೆ ಅಲೆದವನೇ, ಅದೇ ಪ್ರಯಾಣದ ಕೊನೆಯಲ್ಲಿ, ವರ್ತಕರ ಸಂಪತ್ತಿನಿಂದ ಜನಾಂಗದ ಉದ್ಧಾರವಾಗದೆಂದು ಬರೆದನು. ಈ ಎರಡರಲ್ಲಿ ವಿರೋಧವಿದೆಯೆಂದು ನಮಗೆ ತೋರುವುದಿಲ್ಲ. ದಾನವನ್ನು ಆತನು ಹೀಗಳೆದವನಲ್ಲ. ಕೊಟ್ಟ ಮೇಲೆ ಅದು ಕೊಟ್ಟವನದೂ ಅಲ್ಲ, ಕಾಯ್ದವನದೂ ಅಲ್ಲ, ಯಾರಿಗಾಗಿ ಕೊಡಲಾಯಿತೋ ಅವರ ಸ್ವತ್ತು ಎಂಬ ತತ್ತ್ವವನ್ನು ಅಕ್ಷರಶಃ ಹಿಡಿದವನು. ಆದರೆ ಅಲ್ಲೊಂದು ಇಲ್ಲೊಂದು ದತ್ತಿಯನ್ನೇ ನೆಚ್ಚಿ ಇಡೀ ಜನಾಂಗ ಕುಳಿತಿರಬೇಕಾದ ಸ್ಥಿತಿಯೇ ಆತನಿಗೆ ಸಹ್ಯವಾಗಿರಲಿಲ್ಲ.

1862ರ ಬೇಸಗೆಯಲ್ಲಿ ಆತನು ರಷ್ಯಾಕ್ಕೆ ಮರಳಿದನು. ವಿರೋಧಿಗಳಿಂದ ಸರಕಾರಕ್ಕೆ ಆಗಲೇ ದೂರುಗಳು ಹೋಗಿದ್ದವು. ಅದೇ ಜುಲೈ ತಿಂಗಳಲ್ಲಿ ಲಂಡನ್ನಿನಿಂದ ಬರುತ್ತಿದ್ದ ವೆತೋಶ್ನಿಕೋವ್ ಎಂಬುವನನ್ನು ಗಡಿಯಲ್ಲಿ ಹಿಡಿದು ಶೋಧಿಸಿದಾಗ ಹೆರ್ಜೆನ್ ಬಳಗದ ಪತ್ರಗಳು ದೊರೆತವು. ಅವುಗಳಲ್ಲಿ ನಲ್ಬಂದ್ಯಾನನ ಹೆಸರೂ ಇತ್ತು. ಜುಲೈ 14ರಂದು ಹುಟ್ಟೂರಿನಲ್ಲಿಯೇ ಆತನನ್ನು ಬಂಧಿಸಿ ಪೀಟರ್ಸ್‌ಬರ್ಗಿಗೆ ಒಯ್ದು, ಪೀಟರ್ ಮತ್ತು ಪೌಲ್ ದುರ್ಗದ ಅತ್ಯಂತ ಕಠೋರವಾದ ಭಾಗವೆನಿಸಿದ ಅಲೆಕ್ಸೆಯೆವ್ಸ್ಕಿ ಕೊತ್ತಲದಲ್ಲಿ ಇರಿಸಿದರು. ಒಂದು ವಾರ ಮುಂಚೆ ಬಂಧಿತನಾಗಿದ್ದ ಖ್ಯಾತ ಲೇಖಕ ಚೆರ್ನಿಷೆವ್ಸ್ಕಿಯೂ ಅದೇ ಕೊತ್ತಲದ ಕೋಣೆಯೊಂದರಲ್ಲಿದ್ದನು. ‘ಲಂಡನ್ನಿನ ಪ್ರಚಾರಕರೊಡನೆ ಸಂಬಂಧ’ ಎಂಬ ಆರೋಪದ ಮೇಲೆ ಒಟ್ಟು 32 ಮಂದಿಯ ವಿಚಾರಣೆ ನಡೆಯಿತು.

ಸೆರೆಯಲ್ಲಿ ಆತನು ಸುಮಾರು ಮೂರು ವರ್ಷ ಕಳೆದನು. ತೇವದ ಗೋಡೆಗಳ ನಡುವೆ ಕ್ಷಯರೋಗ ಎದೆಯನ್ನು ಹಿಡಿಯಿತು. ಅಷ್ಟಾದರೂ ಲೇಖನಿ ನಿಲ್ಲಲಿಲ್ಲ. ಪೆರ್ಚ್ ಪ್ರೊಷ್ಯಾನನು 1860ರಲ್ಲಿ ಪ್ರಕಟಿಸಿದ್ದ ‘ಸೋಸ್ ಮತ್ತು ವರ್ದಿತೆರ್’ ಎಂಬ ಗ್ರಾಮಜೀವನದ ಕಾದಂಬರಿಯನ್ನು ಕುರಿತು ಆತನು ದೀರ್ಘವಾದ ವಿಮರ್ಶೆಯನ್ನು ಬರೆದದ್ದು ಈ ಕೋಣೆಯಲ್ಲಿ. ಆರ್ಮೇನಿಯನ್ ಸಾಹಿತ್ಯವಿಮರ್ಶೆಯ ಬುನಾದಿಯ ಬರಹಗಳಲ್ಲಿ ಅದನ್ನು ಎಣಿಸುತ್ತಾರೆ. ಪ್ರಾಣಕ್ಕೇ ಕುತ್ತು ಬಂದಿರುವಾಗ ಯುವ ಲೇಖಕನೊಬ್ಬನ ಕಾದಂಬರಿಯ ಗುಣದೋಷಗಳನ್ನು ಶಾಂತಚಿತ್ತದಿಂದ ತೂಗಿ ನೋಡಿದ ಈ ಸಂಗತಿಯನ್ನು ಓದುವಾಗ ಕವಿಯ ಬಗೆಗಿಂತ ಆತನೊಳಗಿನ ಉಪಾಧ್ಯಾಯನ ಬಗೆಗೇ ನಮಗೆ ಗೌರವ ಹೆಚ್ಚುತ್ತದೆ.

1865ರಲ್ಲಿ ತೀರ್ಪು ಹೊರಬಿದ್ದಿತು. ವೋಲ್ಗಾ ನದಿಯ ದಡದಲ್ಲಿ, ಆಗಿನ ಸರಾತೋವ್ ಪ್ರಾಂತದಲ್ಲಿದ್ದ ಕಮೀಷಿನ್ ಎಂಬ ಸಣ್ಣ ಪಟ್ಟಣಕ್ಕೆ ಆತನನ್ನು ಗಡೀಪಾರು ಮಾಡಲಾಯಿತು. ಪೊಲೀಸರ ಕಣ್ಗಾವಲಿನಲ್ಲಿ ಅಲ್ಲಿ ಕೆಲವು ತಿಂಗಳು ಮಾತ್ರ ಬದುಕಿದ್ದು, ರಷ್ಯಾದ ಹಳೆಯ ಪಂಚಾಂಗದ ಪ್ರಕಾರ 1866ರ ಮಾರ್ಚ್ 31ರಂದು, ನಮ್ಮ ಲೆಕ್ಕದಲ್ಲಿ ಏಪ್ರಿಲ್ 12ರಂದು, ಕೊನೆಯುಸಿರೆಳೆದನು. ಆತನ ಪಾರ್ಥಿವ ಶರೀರವನ್ನು ನೋರ್ ನಖಿಚೆವಾನಿಗೆ ತಂದು ಸೂರ್ಬ್ ಖಾಚ್, ಅಂದರೆ ಪವಿತ್ರ ಶಿಲುಬೆಯ, ಆಶ್ರಮದ ಆವರಣದಲ್ಲಿ ಸಮಾಧಿ ಮಾಡಿದರು. ಗುರುವಿನ ಮಗ ರಫಾಯೆಲ್ ಪತ್ಕಾನ್ಯಾನನ ಸಮಾಧಿಯೂ ಅಲ್ಲಿಯೇ ಇದೆ.

ಮರಣಾನಂತರವೂ ಸರಕಾರವು ಆತನನ್ನು ನೆಮ್ಮದಿಯಿಂದ ಬಿಡಲಿಲ್ಲ. ಆತನ ಕೃತಿಗಳ ಮೇಲೆ ನಿಷೇಧ ಮುಂದುವರಿಯಿತು. ಜನರಾದರೋ ಆತನ ಭಾವಚಿತ್ರದೊಡನೆ ‘ಸ್ವಾತಂತ್ರ್ಯ’ವೆಂಬ 1859ರ ಕವಿತೆಯನ್ನು ಕೈಯಿಂದ ಕೈಗೆ ಗುಟ್ಟಾಗಿ ದಾಟಿಸುತ್ತ ಬಂದರು. ಆತನ ಗದ್ಯವನ್ನು ಓದದವರಿಗೂ ಆ ಕವಿತೆ ಕಂಠಪಾಠವಾಗಿತ್ತಂತೆ.

‘ಇಟಲಿಯ ಹುಡುಗಿಯ ಹಾಡಿ’ನ ಕಥೆ ಇನ್ನೂ ವಿಚಿತ್ರ. 1918ರಲ್ಲಿ ಆರ್ಮೇನಿಯ ಮೊದಲ ಬಾರಿಗೆ ಗಣರಾಜ್ಯವಾದಾಗ, ಅದರ ಆಯ್ದ ಪದ್ಯಗಳನ್ನು ತುಸು ಮಾರ್ಪಡಿಸಿ, ಬರ್ಸೆಘ್ ಕನಾಚ್ಯಾನನ ಸಂಗೀತದೊಡನೆ ‘ಮೇರ್ ಹೈರೆನಿಕ್’, ಎಂದರೆ ‘ನಮ್ಮ ತಾಯ್ನಾಡು’, ಎಂಬ ರಾಷ್ಟ್ರಗೀತೆಯನ್ನಾಗಿ ಸ್ವೀಕರಿಸಿದರು. ಎರಡೇ ವರ್ಷಗಳಲ್ಲಿ, 1920ರಲ್ಲಿ, ಆ ಗಣರಾಜ್ಯ ಅಳಿದು ಸೋವಿಯತ್ ಆಳಿಕೆ ಬಂದಿತು. ಸೋವಿಯತ್ ವಿದ್ವಾಂಸರು ನಲ್ಬಂದ್ಯಾನನನ್ನು ಕ್ರಾಂತಿಕಾರಿ ಪ್ರಜಾತಂತ್ರವಾದಿಯೆಂದು ಕೊಂಡಾಡಿದರು; ಆತನ ಸಮಗ್ರ ಕೃತಿಗಳು ಎರೆವಾನಿನಿಂದ ಪ್ರಕಟವಾದವು; 1965ರಲ್ಲಿ ಅಲ್ಲಿ ಆತನ ಪ್ರತಿಮೆಯೂ ಎದ್ದುನಿಂತಿತು. ಕವಿಗೆ ಪ್ರತಿಮೆ, ಆತನ ಗೀತೆಗೆ ಮೌನ, ಹೀಗೆ ಎಪ್ಪತ್ತು ವರ್ಷಗಳು ಕಳೆದವು. 1991ರಲ್ಲಿ ಆರ್ಮೇನಿಯ ಮರಳಿ ಸ್ವತಂತ್ರವಾದಾಗ ಅದೇ ಗೀತೆ ಮತ್ತೆ ರಾಷ್ಟ್ರಗೀತೆಯಾಯಿತು.

ಮೂಲಕವಿತೆಯಲ್ಲಿ ತಾಯ್ನಾಡು ದಿಕ್ಕಿಲ್ಲದೆ ತುಳಿತಕ್ಕೆ ಸಿಕ್ಕಿದ ನಾಡು. ರಾಷ್ಟ್ರಗೀತೆಯಲ್ಲಿ ಆ ವಿಶೇಷಣಗಳನ್ನು ಬದಲಾಯಿಸಿ ಸ್ವತಂತ್ರವಾದ ನಾಡೆಂದು ಹಾಡುತ್ತಾರೆ. ಇಟಲಿಯ ಹೆಸರೂ ಆಸ್ಟ್ರಿಯದವರೊಡನೆ ನಡೆದ ಯುದ್ಧದ ಪ್ರಸ್ತಾಪವೂ ಬಿಟ್ಟುಹೋಗಿವೆ. ಧ್ವಜವನ್ನು ಹೊಲಿದ ತಂಗಿ ಮಾತ್ರ ಹಾಗೆಯೇ ಉಳಿದಿದ್ದಾಳೆ.